ಮುಂಗಾರಿನ ಮುನ್ನರಿವು: ಅರೇಖೀಯ ಚಲನವಿಜ್ಞಾನ ಮತ್ತು ದತ್ತಾಂಶಾಧಾರಿತ ಮಾದರಿಗಳ ವ್ಯಾಪ್ತಿ

ಭಾರತ ಹವಾಮಾನ ಇಲಾಖೆಯು ಪ್ರತಿವರ್ಷ ಏಪ್ರಿಲ್ ತಿಂಗಳಿನಲ್ಲಿ ಮುಂಗಾರು ಮಳೆಯನ್ನು ಕುರಿತ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಇಡೀ ದೇಶಕ್ಕೆ ಬೀಳಬಹುದಾದ ಮಳೆಯು ದೀರ್ಘಾವಧಿಯ ಸರಾಸರಿಯಲ್ಲಿ ಶೇಕಡಾ ಎಷ್ಟಿರಬಹುದು ಎಂಬುದು ಅದರ ಸಾರ. ಆದರೆ ಮುಂದಿನ ತಿಂಗಳ ಇಪ್ಪತ್ತನೆಯ ತಾರೀಖಿನಂದು ಧಾರವಾಡದಲ್ಲಿ ಮಳೆ ಬರುವುದೇ ಎಂದು ಕೇಳಿದರೆ ಯಾವ ಹವಾ ವಿಜ್ಞಾನಿಯೂ ಖಚಿತವಾದ ಉತ್ತರ ಕೊಡಲಾರ. ಒಂದು ತಿಂಗಳ ಆಚೆಗಿನ ಒಂದು ದಿನದ ಮಳೆಯನ್ನು ಹೇಳಲಾಗದ ವಿಜ್ಞಾನವು ಐದಾರು ತಿಂಗಳ ಆಚೆಗೆ ಮುಗಿಯುವ ಋತುವೊಂದರ ಒಟ್ಟು ಮಳೆಯನ್ನು ಯಾವ ಧೈರ್ಯದಿಂದ ಹೇಳುತ್ತದೆ? ಈ ಸಂದೇಹ ಸಹಜವಾದುದು. ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಪರಿಸರ ವಿಜ್ಞಾನದಲ್ಲಿ ಕಳೆದ ಆರು ದಶಕಗಳಲ್ಲಿ ಆಗಿರುವ ಎರಡು ಮಹತ್ವದ ಬೆಳವಣಿಗೆಗಳ ಪರಿಚಯವಾಗುತ್ತದೆ. ಒಂದು, ಅರೇಖೀಯ ಚಲನವಿಜ್ಞಾನ. ಇನ್ನೊಂದು, ದತ್ತಾಂಶಾಧಾರಿತ ಮಾದರಿಗಳು. ಇವುಗಳ ಸ್ವರೂಪವನ್ನೂ ಇತಿಮಿತಿಗಳನ್ನೂ ಮುಂಗಾರಿನ ನಿದರ್ಶನದ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪರಿಭಾಷೆಯ ಬಗ್ಗೆ ಒಂದು ಮಾತು

ಕಾರಣವನ್ನು ಇಮ್ಮಡಿಗೊಳಿಸಿದಾಗ ಪರಿಣಾಮವೂ ಇಮ್ಮಡಿಯಾದರೆ ಅವೆರಡರ ಸಂಬಂಧವನ್ನು ರೇಖೀಯ ಎನ್ನುತ್ತೇವೆ. ನಕ್ಷೆಯ ಮೇಲೆ ಅದು ಸರಳರೇಖೆಯಾಗಿ ಮೂಡುತ್ತದೆ. ಹಾಗಾಗದ ಸಂಬಂಧಗಳೆಲ್ಲ ಅರೇಖೀಯ. ಕೆರೆಗೆ ಸೇರುವ ಗೊಬ್ಬರದ ಅಂಶ ಸ್ವಲ್ಪಸ್ವಲ್ಪವೇ ಏರುತ್ತಿದ್ದರೂ ಬಹುಕಾಲ ತಿಳಿಯಾಗಿಯೇ ಉಳಿದ ನೀರು ಒಂದು ಹಂತದಲ್ಲಿ ಥಟ್ಟನೆ ಪಾಚಿಗಟ್ಟಿ ಹಸಿರಾಗುವುದುಂಟು. ಅನಂತರ ಗೊಬ್ಬರದ ಅಂಶವನ್ನು ಮೊದಲಿನ ಮಟ್ಟಕ್ಕೆ ಇಳಿಸಿದರೂ ಕೆರೆ ತಿಳಿಯಾಗದೆ ಇರಬಹುದು. ಪರಿಸರದ ವ್ಯವಸ್ಥೆಗಳಲ್ಲಿ ಹೆಚ್ಚಿನವು ಈ ಬಗೆಯವು.

ಈ ಶಾಸ್ತ್ರದ ಇನ್ನೊಂದು ಮುಖ್ಯ ಪರಿಕಲ್ಪನೆಯಾದ ‘ಕೆಯಾಸ್’ ಎಂಬುದನ್ನು ಕನ್ನಡದಲ್ಲಿ ‘ಅವ್ಯವಸ್ಥೆ’ ಎಂದೋ ‘ಗೊಂದಲ’ ಎಂದೋ ಅನುವಾದಿಸುವ ರೂಢಿಯಿದೆ. ಇದು ಓದುಗರನ್ನು ದಾರಿತಪ್ಪಿಸುವ ಅನುವಾದ. ಇಲ್ಲಿ ನಿಯಮಗಳಿಲ್ಲ ಎಂದಲ್ಲ. ನಿಯಮಗಳು ಖಚಿತವಾಗಿಯೇ ಇವೆ, ಆಕಸ್ಮಿಕಕ್ಕೆ ಅವಕಾಶವೇ ಇಲ್ಲ. ಹಾಗಿದ್ದೂ ಫಲಿತಾಂಶವನ್ನು ಬಹುದೂರ ಮುಂಚಿತವಾಗಿ ಹೇಳಲು ಬಾರದು ಎಂಬುದೇ ಅದರ ವಿಶೇಷ. ಆದ್ದರಿಂದ ಈ ಲೇಖನದಲ್ಲಿ ಕೆಯಾಸ್ ಎಂಬ ಪದವನ್ನೇ ಉಳಿಸಿಕೊಂಡಿದೆ.

2. ಬರಗಾಲದಿಂದ ಹುಟ್ಟಿದ ಜಿಜ್ಞಾಸೆ

ಮುಂಗಾರಿನ ಮುನ್ಸೂಚನೆಯ ಇತಿಹಾಸವು ಬರಗಾಲದ ಇತಿಹಾಸದೊಂದಿಗೆ ಹೆಣೆದುಕೊಂಡಿದೆ. ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಅದರ ಮರುವರ್ಷವೇ ದಕ್ಷಿಣ ಭಾರತವು ಧಾತು ಮತ್ತು ಈಶ್ವರ ಸಂವತ್ಸರಗಳ ಭೀಕರ ಕ್ಷಾಮಕ್ಕೆ ಸಿಲುಕಿತು. 1876ರಿಂದ 1878ರವರೆಗಿನ ಈ ಕ್ಷಾಮ ಮೈಸೂರು ಸಂಸ್ಥಾನವನ್ನೂ ಮುಂಬಯಿ ಮತ್ತು ಮದರಾಸು ಪ್ರಾಂತಗಳ ಕನ್ನಡ ಜಿಲ್ಲೆಗಳನ್ನೂ ತತ್ತರಿಸುವಂತೆ ಮಾಡಿತು. ಮಳೆ ಕೈಕೊಡುವುದನ್ನು ಮೊದಲೇ ತಿಳಿಯಲಾದೀತೇ ಎಂಬ ಪ್ರಶ್ನೆ ಆಡಳಿತದ ಪ್ರಶ್ನೆಯಾದದ್ದು ಆಗ. ಇಲಾಖೆಯ ಮೊದಲ ಮುಖ್ಯಸ್ಥರಾದ ಹೆನ್ರಿ ಬ್ಲ್ಯಾನ್‌ಫರ್ಡ್ ಅವರು ಹಿಮಾಲಯದ ಮೇಲೆ ಹಿಮ ಹೆಚ್ಚು ಬಿದ್ದ ವರ್ಷಗಳಲ್ಲಿ ಮುಂಗಾರು ದುರ್ಬಲವಾಗಿರುತ್ತದೆಂದು 1884ರಲ್ಲಿ ಪ್ರತಿಪಾದಿಸಿದರು. 1886ರಿಂದ ಋತುವಿನ ಮುನ್ಸೂಚನೆಗಳು ಕ್ರಮವಾಗಿ ಹೊರಬರತೊಡಗಿದವು.

1904ರಲ್ಲಿ ಇಲಾಖೆಯ ಹೊಣೆ ಹೊತ್ತ ಗಿಲ್ಬರ್ಟ್ ವಾಕರ್ ಅವರು ಕೇಂಬ್ರಿಜ್‌ನ ಗಣಿತಜ್ಞರು. ಮದರಾಸಿನ ಬಂದರು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಶ್ರೀನಿವಾಸ ರಾಮಾನುಜನ್ ಅವರಿಗೆ ಸಂಶೋಧನೆಯ ಅವಕಾಶ ದೊರಕಿಸಬೇಕೆಂದು 1913ರಲ್ಲಿ ವಿಶ್ವವಿದ್ಯಾಲಯಕ್ಕೆ ಬರೆದವರಲ್ಲಿ ವಾಕರ್ ಅವರೂ ಒಬ್ಬರು. ಅವರು ಹಿಡಿದ ದಾರಿ ಈಗಿನ ಮಾತಿನಲ್ಲಿ ಹೇಳುವುದಾದರೆ ಶುದ್ಧ ದತ್ತಾಂಶಾಧಾರಿತವಾದುದು. ವಾತಾವರಣದ ಸಮೀಕರಣಗಳನ್ನು ಬಿಡಿಸುವ ಸಾಧನಗಳು ಆಗ ಇರಲಿಲ್ಲ. ಆದಕಾರಣ ಅವರು ಜಗತ್ತಿನ ನಾನಾ ಕೇಂದ್ರಗಳ ಒತ್ತಡ, ಉಷ್ಣತೆ, ಮಳೆಗಳ ಅಂಕಿಗಳನ್ನು ತರಿಸಿ, ಅವುಗಳಿಗೂ ಭಾರತದ ಮಳೆಗೂ ಇರುವ ಸಹಸಂಬಂಧಗಳನ್ನು ಗುಮಾಸ್ತರ ತಂಡದಿಂದ ಕೈಲೆಕ್ಕದಲ್ಲಿ ಹಾಕಿಸಿದರು. ಪೆಸಿಫಿಕ್ ಸಾಗರದ ಮೇಲೆ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಮೇಲೆ ಇಳಿಯುವ, ಅಲ್ಲಿ ಇಳಿದಾಗ ಇಲ್ಲಿ ಏರುವ ತೂಗಾಟವೊಂದು ಈ ಶೋಧದಿಂದ ಹೊರಬಂತು. ಅದಕ್ಕೆ ಅವರು ‘ದಕ್ಷಿಣದ ಆಂದೋಲನ’ ಎಂಬ ಹೆಸರನ್ನಿತ್ತರು. ಇದು ಪೆಸಿಫಿಕ್‌ನ ನೀರು ಬಿಸಿಯಾಗುವ ಎಲ್ ನಿನೋ ವಿದ್ಯಮಾನದ ಇನ್ನೊಂದು ಮುಖವೆಂಬುದನ್ನು 1960ರ ದಶಕದಲ್ಲಿ ಜೇಕಬ್ ಬ್ಯರ್ಕ್‌ನೆಸ್ ತೋರಿಸಿಕೊಟ್ಟರು. ಕಾರಣ ತಿಳಿಯುವುದಕ್ಕೆ ಎಷ್ಟೋ ಮೊದಲೇ ದತ್ತಾಂಶವು ಸಂಬಂಧವನ್ನು ಹಿಡಿದುಕೊಟ್ಟಿತ್ತು ಎಂಬುದು ಗಮನಾರ್ಹ.

ಈ ಮಾರ್ಗದಲ್ಲಿ ಅಪಾಯವೂ ಇದೆ. ಮಳೆಯೊಂದಿಗೆ ಯಾವ ಸಂಬಂಧವೂ ಇಲ್ಲದ ನೂರು ಅಂಕಿಸಾಲುಗಳನ್ನು ತೆಗೆದುಕೊಂಡು ಪರೀಕ್ಷಿಸಿದರೂ ಅವುಗಳಲ್ಲಿ ಐದಾರು ಸಾಲುಗಳು, ಸಂಖ್ಯಾಶಾಸ್ತ್ರದ ರೂಢಿಯ ಒರೆಗಲ್ಲಿನ ಮೇಲೆ, ಮಳೆಗೆ ಸಂಬಂಧಪಟ್ಟವೇನೋ ಎಂಬಂತೆ ತೋರುತ್ತವೆ. ನಮ್ಮ ರೈತರ ಮಳೆ ನಕ್ಷತ್ರಗಳಿಂದಲೇ ಒಂದು ನಿದರ್ಶನ ಕೊಡಬಹುದು. ಮೃಗಶಿರ, ಆರಿದ್ರ, ಪುನರ್ವಸು ಎಂದು ಎಣಿಸುವ ಇವು ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಅವಧಿಗಳು. ವರ್ಷದ ದಿನಗಳನ್ನು 27ರಿಂದ ಭಾಗಿಸಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ಮುಂದೆ ವಿವರಿಸಲಿರುವಂತೆ ದಿನದಿನದ ಹವೆಯನ್ನು ಮುಂದಾಗಿ ಹೇಳಬಹುದಾದ ಮೇರೆಯೂ ಸುಮಾರು ಎರಡು ವಾರ. ಇವೆರಡಕ್ಕೂ ನಂಟಿದೆಯೆಂದು ಸಾಧಿಸಹೊರಡುವುದು ಸುಲಭ. ಆದರೆ ಇದು ಕೇವಲ ಕಾಕತಾಳೀಯ. ಸೌರಗಣನೆಯಾದ್ದರಿಂದ ಮಳೆ ನಕ್ಷತ್ರಗಳು ಋತುವಿನ ಸರಾಸರಿ ನಡೆಯನ್ನು ಚೆನ್ನಾಗಿ ಸೂಚಿಸುತ್ತವೆ, ಬಿತ್ತನೆಯ ಪಂಚಾಂಗವಾಗಿ ಉಪಯುಕ್ತವಾಗಿವೆ. ಆದರೆ ಈ ವರ್ಷದ ಆರಿದ್ರ ಮಳೆ ಕಳೆದ ವರ್ಷದ್ದಕ್ಕಿಂತ ಹೆಚ್ಚೋ ಕಡಮೆಯೋ ಎಂಬುದನ್ನು ಅವು ಹೇಳಲಾರವು.

3. ಸಣ್ಣ ವ್ಯತ್ಯಾಸದ ದೊಡ್ಡ ಪರಿಣಾಮ

1961ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಎಡ್ವರ್ಡ್ ಲೊರೆಂಜ್ ಅವರು ಹವೆಯ ಒಂದು ಸರಳ ಮಾದರಿಯನ್ನು ಕಂಪ್ಯೂಟರಿನಲ್ಲಿ ನಡೆಸುತ್ತಿದ್ದರು. ಹಿಂದಿನ ಲೆಕ್ಕವೊಂದನ್ನು ನಡುವಿನಿಂದ ಮತ್ತೆ ಆರಂಭಿಸಲೆಂದು ಮುದ್ರಿತ ಹಾಳೆಯಲ್ಲಿದ್ದ 0.506 ಎಂಬ ಸಂಖ್ಯೆಯನ್ನು ಊಡಿದರು. ಯಂತ್ರದ ಒಳಗಿದ್ದ ಸಂಖ್ಯೆ 0.506127. ಈ ಅಲ್ಪ ವ್ಯತ್ಯಾಸದಿಂದ ಹೊರಟ ಎರಡು ಲೆಕ್ಕಗಳು ಕೆಲಕಾಲ ಜೊತೆಯಾಗಿ ಸಾಗಿ, ಅನಂತರ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಬೇರೆಯಾದವು. 1963ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಕೆಳಗಿನಿಂದ ಕಾಯಿಸಿದ ದ್ರವದ ಚಲನೆಯನ್ನು ಕುರಿತ ಮೂರೇ ಮೂರು ಸಮೀಕರಣಗಳಿಂದ ಈ ಸ್ವಭಾವವನ್ನು ತೋರಿಸಿದರು. ಸಮೀಕರಣಗಳಲ್ಲಿ ಎರಡು ಚಲಕಗಳು ಪರಸ್ಪರ ಗುಣಿಸಲ್ಪಡುವ ಪದಗಳಿದ್ದವು. ಅರೇಖೀಯತೆ ಅಡಗಿದ್ದದ್ದು ಅಲ್ಲಿ.

ಇದನ್ನು ಓದುಗರು ಕಿಸೆಯ ಗಣಕದಲ್ಲೇ ಪರೀಕ್ಷಿಸಿ ನೋಡಬಹುದು. ಜೀವಿಶಾಸ್ತ್ರಜ್ಞ ರಾಬರ್ಟ್ ಮೇ ಅವರು 1976ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಜೀವಿಸಂಖ್ಯೆಯ ಏರಿಳಿತಕ್ಕೆ ಬಳಸಿದ ಸೂತ್ರವಿದು: ಸೊನ್ನೆಗೂ ಒಂದಕ್ಕೂ ನಡುವಣ ಒಂದು ಸಂಖ್ಯೆಯನ್ನು ತೆಗೆದುಕೊಳ್ಳಿ, ಒಂದರಿಂದ ಅದನ್ನು ಕಳೆಯಿರಿ, ಬಂದುದನ್ನು ಮೂಲ ಸಂಖ್ಯೆಯಿಂದ ಗುಣಿಸಿ, ಮತ್ತೆ 4ರಿಂದ ಗುಣಿಸಿ. ಬಂದ ಉತ್ತರವನ್ನೇ ಮತ್ತೆ ಇದೇ ಕ್ರಮಕ್ಕೆ ಒಳಪಡಿಸುತ್ತ ಹೋಗಿ. ಒಮ್ಮೆ 0.300ರಿಂದಲೂ ಇನ್ನೊಮ್ಮೆ 0.301ರಿಂದಲೂ ಆರಂಭಿಸಿದರೆ ಮೂರನೆಯ ಹೆಜ್ಜೆಯಲ್ಲಿ 0.994 ಮತ್ತು 0.996 ಎಂಬ, ಬಹುಮಟ್ಟಿಗೆ ಒಂದೇ ಆದ ಉತ್ತರಗಳು ಬರುತ್ತವೆ. ಆರನೆಯ ಹೆಜ್ಜೆಯಲ್ಲಿ 0.321 ಮತ್ತು 0.258. ಎಂಟನೆಯದರಲ್ಲಿ 0.448 ಮತ್ತು 0.719. ಹತ್ತನೆಯದರಲ್ಲಿ 0.043 ಮತ್ತು 0.620. ಸೂತ್ರ ಅದೇ, ಆಕಸ್ಮಿಕ ಎಂಬುದು ಎಲ್ಲಿಯೂ ಇಲ್ಲ. ಆದರೂ ಹತ್ತು ಹೆಜ್ಜೆಗಳಲ್ಲಿ ದಾರಿಗಳು ಬೇರೆಬೇರೆಯಾದವು.

ಇಲ್ಲಿ ಅಡಗಿರುವ ಪಾಠ ಮುಖ್ಯವಾದುದು. ಈ ಸೂತ್ರದಲ್ಲಿ ತಪ್ಪು ಸರಾಸರಿಯಾಗಿ ಪ್ರತಿ ಹೆಜ್ಜೆಗೂ ಇಮ್ಮಡಿಯಾಗುತ್ತದೆ. ಹತ್ತು ಸಲ ಇಮ್ಮಡಿಯಾದರೆ ಸಾವಿರ ಪಟ್ಟು. ಆದ್ದರಿಂದ ಆರಂಭದ ಅಳತೆಯನ್ನು ಸಾವಿರ ಪಟ್ಟು ನಿಖರಗೊಳಿಸಿದರೂ ನಮಗೆ ದಕ್ಕುವುದು ಹತ್ತೇ ಹೆಚ್ಚಿನ ಹೆಜ್ಜೆಗಳ ಮುನ್ನರಿವು. ಶ್ರಮ ಗುಣಾಕಾರದಲ್ಲಿ, ಲಾಭ ಸಂಕಲನದಲ್ಲಿ. ವಾತಾವರಣದ ದೊಡ್ಡ ವಿನ್ಯಾಸಗಳಲ್ಲಿ ತಪ್ಪು ಇಮ್ಮಡಿಯಾಗಲು ಹಿಡಿಯುವ ಕಾಲ ಎರಡು ದಿನಗಳ ಆಸುಪಾಸು. ಚಿಕ್ಕ ಪ್ರಮಾಣದ ಚಲನೆಗಳಲ್ಲಿ ತಪ್ಪು ಇನ್ನೂ ಶೀಘ್ರವಾಗಿ ಬೆಳೆದು ದೊಡ್ಡವಕ್ಕೆ ಹರಡುತ್ತದೆ. ಹೀಗಾಗಿ ಎಷ್ಟೇ ವೀಕ್ಷಣಾಲಯಗಳಿದ್ದರೂ ದಿನದಿನದ ಹವೆಯ ಮುನ್ನರಿವಿಗೆ ಸುಮಾರು ಎರಡು ವಾರಗಳ ಮೇರೆಯುಂಟೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ.

4. ಎರಡು ಬಗೆಯ ಮುನ್ನರಿವು

ಹಾಗಾದರೆ ಋತುವಿನ ಮುನ್ಸೂಚನೆ ಹೇಗೆ ಸಾಧ್ಯ? ಮೇಲಿನ ಸೂತ್ರಕ್ಕೇ ಮರಳೋಣ. ನೂರನೆಯ ಹೆಜ್ಜೆಯ ಸಂಖ್ಯೆ ಯಾವುದೆಂದು ಹೇಳಲಾಗದಿದ್ದರೂ ಸಾವಿರ ಹೆಜ್ಜೆಗಳ ಸರಾಸರಿ 0.5ರ ಸಮೀಪವೇ ಇರುತ್ತದೆಂದು ಧೈರ್ಯವಾಗಿ ಹೇಳಬಹುದು. ಸೂತ್ರದ 4 ಎಂಬ ಗುಣಕವನ್ನು ಬದಲಾಯಿಸಿದರೆ ಆ ಸರಾಸರಿಯೂ ಬದಲಾಗುತ್ತದೆ. ಬಿಡಿ ಮೌಲ್ಯಗಳು ಆರಂಭದ ಸ್ಥಿತಿಗೆ ಅಧೀನ. ಸರಾಸರಿಯು ಗುಣಕಕ್ಕೆ ಅಧೀನ.

ಮುಂಗಾರಿನಲ್ಲಿ ಈ ಗುಣಕದ ಸ್ಥಾನದಲ್ಲಿರುವುದು ಯಾವುದು? ಜೂಲ್ ಚಾರ್ನಿ ಮತ್ತು ಜಗದೀಶ್ ಶುಕ್ಲಾ ಅವರು 1981ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ವಾತಾವರಣವು ಚಂಚಲ, ಆದರೆ ಅದರ ತಳದಲ್ಲಿರುವ ಸಮುದ್ರದ ಮೇಲ್ಮೈ ಉಷ್ಣತೆ, ನೆಲದ ತೇವ, ಹಿಮದ ಹೊದಿಕೆ ಇವು ನಿಧಾನವಾಗಿ ಬದಲಾಗುವಂಥವು. ಪೆಸಿಫಿಕ್‌ನ ನೀರು ಮೇ ತಿಂಗಳಿನಲ್ಲಿ ಬಿಸಿಯಾಗಿದ್ದರೆ ಆಗಸ್ಟ್‌ನಲ್ಲಿಯೂ ಬಿಸಿಯಾಗಿರುವ ಸಂಭವ ಹೆಚ್ಚು. ಉಷ್ಣವಲಯದ ದೊಡ್ಡ ಪ್ರಮಾಣದ ಮಳೆಯು ಈ ತಳದ ಸ್ಥಿತಿಗಳಿಗೆ ಗಣನೀಯವಾಗಿ ಅಧೀನವಾದ್ದರಿಂದ ಋತುವಿನ ಸರಾಸರಿ ಮಳೆಯನ್ನು ಒಂದು ಮಿತಿಯಲ್ಲಿ ಮುಂದಾಗಿ ಅಂದಾಜಿಸಬಹುದು. ಮೊದಲಲ್ಲಿ ಎತ್ತಿದ ಸಂದೇಹಕ್ಕೆ ಇದೇ ಸಮಾಧಾನ: ಇಪ್ಪತ್ತನೆಯ ತಾರೀಖಿನ ಮಳೆಯ ಪ್ರಶ್ನೆ ಬೇರೆ, ನಾಲ್ಕು ತಿಂಗಳ ಸರಾಸರಿಯ ಪ್ರಶ್ನೆ ಬೇರೆ. ಎರಡನೆಯದು ಸಾಧ್ಯವಿರುವುದು ಮೊದಲನೆಯದರ ವಿಸ್ತರಣೆಯಿಂದಲ್ಲ.

ಆದರೆ ಸರಾಸರಿಯೂ ತಳದ ಸ್ಥಿತಿಗೆ ಪೂರ್ತಿಯಾಗಿ ಬದ್ಧವಲ್ಲ. ಒಂದೇ ಋತುವಿನೊಳಗೆ ಮಳೆ ಬಿರುಸಾಗುವ, ಬಿಡುವು ಕೊಡುವ ಆವರ್ತನೆಗಳಿವೆ. ಭೂಮಧ್ಯರೇಖೆಯ ಕಡೆಯಿಂದ ಮೋಡಪಟ್ಟಿಗಳು ಮತ್ತೆ ಮತ್ತೆ ಉತ್ತರಕ್ಕೆ ಸರಿದು ಬರುವುದನ್ನು ಡಿ. ಆರ್. ಸಿಕ್ಕಾ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಅವರು 1980ರಲ್ಲಿ ಉಪಗ್ರಹ ಚಿತ್ರಗಳ ಆಧಾರದಿಂದ ತೋರಿಸಿದರು. ಈ ಒಳಏರಿಳಿತಗಳ ಮೊತ್ತ ವರ್ಷದಿಂದ ವರ್ಷಕ್ಕೆ ವ್ಯತ್ಯಾಸವಾಗುತ್ತದೆ. ಆ ಭಾಗವು ಮುನ್ನರಿವಿಗೆ ಸಿಗದ ಭಾಗ.

5. ಹದಿನಾಲ್ಕು ವರ್ಷಗಳ ವಿಶ್ವಾಸ ಮತ್ತು 2002

1988ರಿಂದ ಹವಾಮಾನ ಇಲಾಖೆಯು ವಸಂತ ಗೋವಾರಿಕರ್ ಮತ್ತು ಸಹೋದ್ಯೋಗಿಗಳು ರೂಪಿಸಿದ, ಹದಿನಾರು ಅಂಶಗಳನ್ನು ಆಧರಿಸಿದ ಮಾದರಿಯನ್ನು ಬಳಸತೊಡಗಿತು. ಅದು ಸಂಖ್ಯಾಶಾಸ್ತ್ರೀಯ ಮಾದರಿ. ರೇಖೀಯವಲ್ಲದ ಘಾತರೂಪದ ಸಂಬಂಧಗಳನ್ನೂ ಒಳಗೊಂಡಿತ್ತು. ಒಂದು ದಶಕಕ್ಕೂ ಹೆಚ್ಚು ಕಾಲ ಒಂದು ವರ್ಷವೂ ದೊಡ್ಡ ಬರ ಬರಲಿಲ್ಲ, ಮಾದರಿಯೂ ಮುಂಗಾರು ಸಾಮಾನ್ಯವಾಗಿರುವುದೆಂದೇ ಹೇಳುತ್ತ ಬಂತು. 2002ರಲ್ಲಿ ಅದು ಕೊಟ್ಟ ಅಂದಾಜು ಸರಾಸರಿಯ ಶೇಕಡಾ 101. ಬಿದ್ದ ಮಳೆ ಶೇಕಡಾ 81. ಜುಲೈ ತಿಂಗಳಿನಲ್ಲಂತೂ ಸಾಮಾನ್ಯದ ಸುಮಾರು ಅರ್ಧದಷ್ಟೇ ಮಳೆಯಾಯಿತು. ಮರುವರ್ಷವೇ ಇಲಾಖೆ ಆ ಮಾದರಿಯನ್ನು ಕೈಬಿಟ್ಟು ಕಡಮೆ ಅಂಶಗಳ ಹೊಸ ಮಾದರಿಗಳನ್ನು ತಂದಿತು.

ಇದನ್ನು ಒಂದು ವರ್ಷದ ಸೋಲೆಂದಷ್ಟೇ ನೋಡಿದರೆ ಸಾಲದು. ಸಾಮಾನ್ಯ ಮಳೆಯ ವರ್ಷಗಳಲ್ಲಿ ‘ಸಾಮಾನ್ಯ’ ಎಂದು ಹೇಳುವುದರಿಂದ ಮಾದರಿಯ ಬಲ ಪರೀಕ್ಷೆಯಾಗುವುದಿಲ್ಲ. ಪರೀಕ್ಷೆಯಾಗುವುದು ಬರದ ವರ್ಷದಲ್ಲಿ. ಆ ವರ್ಷಗಳೋ ವಿರಳ. ಹದಿನಾರು ಅಂಶಗಳನ್ನು ಹೊಂದಿಸಲು ನಮ್ಮಲ್ಲಿದ್ದ ವರ್ಷಗಳು ಕೆಲವು ದಶಕಗಳವು ಮಾತ್ರ. ಅಂಶಗಳು ಹೆಚ್ಚಿದಷ್ಟೂ ಮಾದರಿ ಗತವರ್ಷಗಳಿಗೆ ಚೆನ್ನಾಗಿ ಹೊಂದುತ್ತದೆ; ಮುಂದಿನ ವರ್ಷವನ್ನು ಹೇಳುವ ಶಕ್ತಿ ಅದರಿಂದ ಹೆಚ್ಚುತ್ತದೆಂದು ಭಾವಿಸಲು ಕಾರಣವಿಲ್ಲ.

ಇನ್ನೊಂದು ತೊಡಕು, ಸಂಬಂಧಗಳೇ ಕಾಲಾನುಕ್ರಮದಲ್ಲಿ ಮಾರ್ಪಡುತ್ತಿರುವಂತೆ ಕಾಣುವುದು. 1997ರಲ್ಲಿ ಶತಮಾನದ ಅತಿ ಪ್ರಬಲ ಎಲ್ ನಿನೋಗಳಲ್ಲೊಂದು ಬಂದರೂ ಭಾರತದ ಮಳೆ ಸರಾಸರಿಯ ಶೇಕಡಾ 102ರಷ್ಟಿತ್ತು. 1999ರಲ್ಲಿ ಕೃಷ್ಣಕುಮಾರ್ ಮತ್ತು ಸಹಲೇಖಕರು ಎಲ್ ನಿನೋ ಹಾಗೂ ಮುಂಗಾರಿನ ಸಂಬಂಧ ಶಿಥಿಲವಾಗುತ್ತಿದೆಯೆಂದು ಬರೆದರು. ಇಂತಹ ಏರಿಳಿತ ಕೇವಲ ಆಕಸ್ಮಿಕದಿಂದಲೂ ಉಂಟಾಗಬಹುದೆಂದು ಬೇರೆಯವರು 2001ರಲ್ಲಿ ವಾದಿಸಿದರು. ಅನಂತರದ 2002, 2004, 2009, 2015ರ ಬರಗಳೆಲ್ಲ ಪೆಸಿಫಿಕ್ ಬಿಸಿಯಾಗಿದ್ದ ವರ್ಷಗಳಲ್ಲೇ ಬಂದವು. ಪೆಸಿಫಿಕ್‌ನ ಪೂರ್ವಭಾಗಕ್ಕಿಂತ ಮಧ್ಯಭಾಗ ಬಿಸಿಯಾದಾಗ ಮುಂಗಾರಿಗೆ ಹೆಚ್ಚು ಕೇಡೆಂದು 2006ರ ಅಧ್ಯಯನವೊಂದು ತೋರಿಸಿತು. ಭೂಮಧ್ಯರೇಖೆಯ ಹಿಂದೂ ಮಹಾಸಾಗರದ ಮೇಲಿನ ಮೋಡಗಳು 1997ರಲ್ಲಿ ಮಳೆಗೆ ಅನುಕೂಲವಾಗಿಯೂ 2002ರಲ್ಲಿ ಪ್ರತಿಕೂಲವಾಗಿಯೂ ಇದ್ದವೆಂಬುದನ್ನು ಗಾಡ್ಗೀಳ್ ಮತ್ತು ಸಂಗಡಿಗರು 2004ರಲ್ಲಿ ನಿರೂಪಿಸಿದರು. ಒಂದೇ ಕಾರಣ, ಒಂದೇ ಪರಿಣಾಮ ಎಂಬ ಎಣಿಕೆ ಇಲ್ಲಿ ನಿಲ್ಲುವುದಿಲ್ಲ.

6. ಒಂದೇ ಅಂಕಿಸಾಲಿನಿಂದ ಇಡೀ ವ್ಯವಸ್ಥೆ?

ಅರೇಖೀಯ ವ್ಯವಸ್ಥೆಯನ್ನು ದತ್ತಾಂಶದಿಂದ ಅರಿಯಲು 1980ರ ದಶಕದಲ್ಲಿ ಒಂದು ಸೊಗಸಾದ ಉಪಾಯ ಸಿಕ್ಕಿತು. ವ್ಯವಸ್ಥೆಯ ಎಲ್ಲ ಚಲಕಗಳನ್ನೂ ಅಳೆಯಬೇಕಾಗಿಲ್ಲ. ಒಂದೇ ಚಲಕವನ್ನು ದೀರ್ಘಕಾಲ ಅಳೆದು, ಅದರ ಇಂದಿನ, ನಿನ್ನೆಯ, ಮೊನ್ನೆಯ ಮೌಲ್ಯಗಳನ್ನು ಜೊತೆಗಿಟ್ಟರೆ ಕಾಣದ ಚಲಕಗಳ ಛಾಯೆಯೂ ಅದರಲ್ಲಿ ಸಿಗುತ್ತದೆಂಬುದನ್ನು ಡಚ್ ಗಣಿತಜ್ಞ ಫ್ಲೋರಿಸ್ ಟಾಕೆನ್ಸ್ 1981ರಲ್ಲಿ ಸಾಧಿಸಿ ತೋರಿಸಿದರು. ಇದರ ಬೆನ್ನಲ್ಲೇ ನಿಕೋಲಿಸ್ ದಂಪತಿಗಳು ಸಮುದ್ರತಳದ ಕೆಸರಿನಲ್ಲಿ ಉಳಿದ ಪ್ರಾಚೀನ ಹವಾಗುಣದ ದಾಖಲೆಯನ್ನು ಈ ರೀತಿ ವಿಶ್ಲೇಷಿಸಿ, ಭೂಮಿಯ ಹವಾಗುಣವನ್ನು ನಾಲ್ಕೇ ಚಲಕಗಳಿಂದ ವರ್ಣಿಸಬಹುದೆಂದು 1984ರಲ್ಲಿ ಸೂಚಿಸಿದರು. ಜಗತ್ತಿನ ಗಮನ ಸೆಳೆದ ಫಲಿತಾಂಶ ಅದು. ಎರಡೇ ವರ್ಷಗಳಲ್ಲಿ ಪೀಟರ್ ಗ್ರಾಸ್‌ಬರ್ಗರ್ ಅದನ್ನು ಪ್ರಶ್ನಿಸಿದರು. ಅಷ್ಟು ಕಡಮೆ ಅಳತೆಗಳಿಂದ, ನಡುವಿನ ತೆರಪುಗಳನ್ನು ಲೆಕ್ಕದಿಂದ ತುಂಬಿ ನುಣುಪಾಗಿಸಿದ ಸಾಲಿನಿಂದ, ಅಂತಹ ತೀರ್ಮಾನ ಹೊರಡದು ಎಂಬುದು ಅವರ ಆಕ್ಷೇಪ. ವಿಧಾನ ಸರಿಯಾದುದೇ, ಅದು ಕೇಳುವಷ್ಟು ದತ್ತಾಂಶ ಇರಲಿಲ್ಲ.

ಹಳೆಯ ದಾಖಲೆಗಳಲ್ಲಿ ಇಂದಿನಂತಹುದೇ ದಿನವೊಂದನ್ನು ಹುಡುಕಿ, ಅದರ ಮರುದಿನ ಏನಾಯಿತೆಂದು ನೋಡಿ ನಾಳೆಯನ್ನು ಹೇಳುವ ವಿಧಾನಕ್ಕೂ ಇದೇ ಅಡ್ಡಿ. ಇಡೀ ಗೋಲಾರ್ಧದ ಹವೆಗೆ ನಿಕಟವಾದ ಪ್ರತಿರೂಪ ಸಿಗಬೇಕಾದರೆ ಒಂದರ ಮುಂದೆ ಮೂವತ್ತು ಸೊನ್ನೆಗಳಷ್ಟು ವರ್ಷಗಳ ದಾಖಲೆ ಬೇಕಾದೀತೆಂದು ಹ್ಯೂಗ್ ವಾನ್ ಡೆನ್ ಡೂಲ್ 1994ರಲ್ಲಿ ಲೆಕ್ಕ ಹಾಕಿದರು.

7. ನರಜಾಲ ಮಾದರಿಗಳು

ಈ ಹಿನ್ನೆಲೆಯಲ್ಲಿ 2023ರಿಂದೀಚೆಗಿನ ಬೆಳವಣಿಗೆ ಬೆರಗು ಹುಟ್ಟಿಸುತ್ತದೆ. ಭೌತಶಾಸ್ತ್ರದ ಸಮೀಕರಣಗಳನ್ನು ಬಿಡಿಸದೆ, ಹಿಂದಿನ ಹವೆಯ ದಾಖಲೆಯಿಂದಲೇ ಕಲಿತ ಪಾಂಗು-ವೆದರ್, ಗ್ರಾಫ್‌ಕಾಸ್ಟ್ ಮುಂತಾದ ನರಜಾಲ ಮಾದರಿಗಳು ಹತ್ತು ದಿನಗಳ ಜಾಗತಿಕ ಮುನ್ಸೂಚನೆಯಲ್ಲಿ ಅತ್ಯುತ್ತಮ ಭೌತಿಕ ಮಾದರಿಗಳಿಗೆ ಸರಿಗಟ್ಟಿದವು, ಹಲವು ಅಂಶಗಳಲ್ಲಿ ಮೀರಿದವು. ಗ್ರಾಫ್‌ಕಾಸ್ಟ್ ಹತ್ತು ದಿನಗಳ ಮುನ್ಸೂಚನೆಯನ್ನು ಒಂದು ನಿಮಿಷದೊಳಗೆ ಕೊಡುತ್ತದೆ. ಯೂರೋಪಿನ ಮಧ್ಯಮಾವಧಿ ಹವಾ ಮುನ್ಸೂಚನಾ ಕೇಂದ್ರವು ಇಂತಹ ಮಾದರಿಯನ್ನು ಫೆಬ್ರವರಿ 2025ರಿಂದ ತನ್ನ ನಿತ್ಯದ ಕಾರ್ಯದಲ್ಲಿ ಸೇರಿಸಿಕೊಂಡಿತು.

ಪ್ರತಿರೂಪ ಹುಡುಕಲು ಅಷ್ಟೊಂದು ವರ್ಷಗಳು ಬೇಕೆಂದಾದರೆ ಕೆಲವೇ ದಶಕಗಳ ದಾಖಲೆಯಿಂದ ಈ ಮಾದರಿಗಳು ಕಲಿತದ್ದು ಹೇಗೆ? ಅವು ಇಡೀ ಭೂಮಿಯ ಪ್ರತಿರೂಪವನ್ನು ಹುಡುಕುವುದಿಲ್ಲ. ಒಂದೆಡೆಯ ಗಾಳಿ, ಒತ್ತಡ, ತೇವಗಳು ಸುತ್ತಲಿನ ಸ್ಥಿತಿಯಿಂದ ಮುಂದಿನ ಕೆಲವು ಗಂಟೆಗಳಲ್ಲಿ ಹೇಗೆ ಮಾರ್ಪಡುತ್ತವೆ ಎಂಬ ನಿಯಮವನ್ನು ಕಲಿಯುತ್ತವೆ. ಆ ನಿಯಮ ಎಲ್ಲೆಡೆಯೂ ಒಂದೇ ಬಗೆಯದು. ಭೂಮಿಯನ್ನು ಹತ್ತು ಲಕ್ಷಕ್ಕೂ ಹೆಚ್ಚು ಬಿಂದುಗಳ ಜಾಲವಾಗಿ ವಿಭಾಗಿಸಿ 1979ರಿಂದ 2017ರವರೆಗಿನ ದಾಖಲೆಯನ್ನು ಓದಿದರೆ ಪ್ರತಿ ಬಿಂದುವೂ ಪ್ರತಿ ಹೊತ್ತೂ ಒಂದೊಂದು ಉದಾಹರಣೆಯಾಗುತ್ತದೆ. ಉದಾಹರಣೆಗಳ ಸಂಖ್ಯೆಗೆ ಕೊರತೆಯಿಲ್ಲ.

ಋತುವಿನ ಮುನ್ಸೂಚನೆಯ ಸ್ಥಿತಿ ಇದಕ್ಕೆ ವಿರುದ್ಧ. ಅಖಿಲ ಭಾರತ ಮಳೆಯ ವ್ಯವಸ್ಥಿತ ಅಂಕಿಸಾಲು 1871ರಿಂದ ಇದೆ. ವರ್ಷಕ್ಕೆ ಒಂದು ಸಂಖ್ಯೆಯಂತೆ ನೂರೈವತ್ತಕ್ಕಿಂತ ತುಸು ಹೆಚ್ಚು ಸಂಖ್ಯೆಗಳು. ಅವುಗಳಲ್ಲಿ ತೀವ್ರ ಬರದ ವರ್ಷಗಳು ಬೆರಳೆಣಿಕೆಗೆ ಸಮೀಪ. ಹತ್ತು ದಿನಗಳ ಮುನ್ಸೂಚನೆಯಲ್ಲಿ ಗೆದ್ದ ವಿಧಾನವು ನಾಲ್ಕು ತಿಂಗಳ ಮುನ್ಸೂಚನೆಯಲ್ಲಿಯೂ ಗೆಲ್ಲುವುದೆಂಬ ಊಹೆ ಈ ವ್ಯತ್ಯಾಸವನ್ನು ಮರೆತ ಊಹೆ.

ಇನ್ನೆರಡು ಎಚ್ಚರಿಕೆಗಳೂ ಅಗತ್ಯ. ಟೋಬಿಯಾಸ್ ಸೆಲ್ಜ್ ಮತ್ತು ಜಾರ್ಜ್ ಕ್ರೇಗ್ ಎಂಬ ಸಂಶೋಧಕರು 2023ರಲ್ಲಿ ಪಾಂಗು ಮಾದರಿಯ ಆರಂಭಸ್ಥಿತಿಯಲ್ಲಿ ಅತ್ಯಲ್ಪ ವ್ಯತ್ಯಾಸ ಮಾಡಿ ನೋಡಿದರು. ಭೌತಿಕ ಮಾದರಿಯಲ್ಲಿ ಶೀಘ್ರವಾಗಿ ಬೆಳೆಯುವ ತಪ್ಪು ಇದರಲ್ಲಿ ಹಾಗೆ ಬೆಳೆಯಲಿಲ್ಲ. ಅಂದರೆ ಲೊರೆಂಜ್ ಕಂಡ ಸ್ವಭಾವವನ್ನು ಆ ಮಾದರಿ ಕಲಿತಿರಲಿಲ್ಲ. ಮುನ್ನರಿವಿಗೆ ಮೇರೆಯೇ ಇಲ್ಲವೆಂದು ಅದನ್ನು ನಂಬಿ ಹೇಳಿದರೆ ಅದು ಭ್ರಮೆ. 2025ರ ಇನ್ನೊಂದು ಅಧ್ಯಯನದಲ್ಲಿ ಪ್ರಬಲ ಚಂಡಮಾರುತಗಳನ್ನೆಲ್ಲ ಕಲಿಕೆಯ ದತ್ತಾಂಶದಿಂದ ತೆಗೆದು ಹಾಕಿ ಮಾದರಿಯೊಂದನ್ನು ತರಬೇತಿಗೊಳಿಸಲಾಯಿತು; ಅಂತಹ ಮಾರುತ ಎದುರಾದಾಗ ಅದರ ಬಲವನ್ನು ಅಂದಾಜಿಸಲು ಮಾದರಿಗೆ ಸಾಧ್ಯವಾಗಲಿಲ್ಲ. ಆದರೆ ಒಂದು ಸಾಗರದ ಮಾರುತಗಳನ್ನು ಮಾತ್ರ ಮರೆಮಾಡಿದಾಗ ಬೇರೆ ಸಾಗರಗಳಲ್ಲಿ ಕಲಿತದ್ದನ್ನು ಅದು ಇಲ್ಲಿಗೆ ಅನ್ವಯಿಸಿತು. ಎಲ್ಲಿಯೂ ಎಂದೂ ಕಾಣದುದನ್ನು ಕಲಿಯಲಾರದು. ಬೇರೆಡೆ ಕಂಡದ್ದನ್ನು ಒಯ್ಯಬಲ್ಲದು.

ಆದ್ದರಿಂದ ಭೌತಿಕ ಸಮೀಕರಣ ಮತ್ತು ಕಲಿಕೆ ಎರಡನ್ನೂ ಬೆಸೆಯುವ ಮಾರ್ಗ ಈಗ ಪ್ರಬಲವಾಗುತ್ತಿದೆ. ನಿಧಾನವಾಗಿ ಬದಲಾಗುವ ಸಮುದ್ರವನ್ನೂ ಚಂಚಲ ವಾತಾವರಣವನ್ನೂ ಜೊತೆಗೂಡಿಸಿದ ಭೌತಿಕ ಮಾದರಿಗಳನ್ನು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯು 2012ರಲ್ಲಿ ಆರಂಭವಾದ ಮಾನ್ಸೂನ್ ಮಿಷನ್ ಯೋಜನೆಯಡಿ ಬೆಳೆಸಿತು. 2021ರಿಂದ ಋತುವಿನ ಮುನ್ಸೂಚನೆಗೆ ಹಲವು ಮಾದರಿಗಳ ಸಮೂಹವನ್ನು ಬಳಸಲಾಗುತ್ತಿದೆ. 2025ರ ಮುಂಗಾರಿನಲ್ಲಿ ಕೇಂದ್ರ ಕೃಷಿ ಸಚಿವಾಲಯವು ನರಜಾಲ ಮತ್ತು ಮಿಶ್ರ ಮಾದರಿಗಳ ಆಧಾರದ ಮೇಲೆ ಮಳೆ ಹಿಡಿಯುವ ಕಾಲವನ್ನು ನಾಲ್ಕು ವಾರಗಳವರೆಗೆ ಮುಂಚಿತವಾಗಿ ಸುಮಾರು 3.8 ಕೋಟಿ ರೈತರಿಗೆ ಮೊಬೈಲ್ ಸಂದೇಶಗಳ ಮೂಲಕ ತಿಳಿಸಿತು. ಆ ವರ್ಷ ಮುಂಗಾರು ಮೇ 24ರಂದೇ ಕೇರಳವನ್ನು ಮುಟ್ಟಿ, ಅನಂತರ ಮುಂದೊತ್ತದೆ ಕೆಲಕಾಲ ನಿಂತಿತು.

8. ಸರಾಸರಿ ಮತ್ತು ಸಂಭವನೀಯತೆ

ಮುನ್ಸೂಚನೆಯನ್ನು ಬಳಸುವವರಿಗೆ ಬೇಕಾದದ್ದು ದೇಶದ ಸರಾಸರಿ ಅಲ್ಲ. 2023ರ ಋತುವಿನ ಒಟ್ಟು ಮಳೆ ಸರಾಸರಿಯ ಶೇಕಡಾ 94; ಕೇಳಲು ಅಷ್ಟೇನೂ ಕೆಟ್ಟದ್ದಲ್ಲ. ಆದರೆ ಜುಲೈನಲ್ಲಿ ಶೇಕಡಾ 13ರಷ್ಟು ಹೆಚ್ಚು ಸುರಿದ ಮಳೆ ಆಗಸ್ಟ್‌ನಲ್ಲಿ ಶೇಕಡಾ 36ರಷ್ಟು ಕೊರತೆಯಾಯಿತು. 1901ರಿಂದೀಚೆಗೆ ಅಷ್ಟು ಒಣಗಿದ ಆಗಸ್ಟ್ ಇರಲಿಲ್ಲ. ಕಾವೇರಿಯ ಜಲಾಶಯಗಳ ಮೇಲೆ ಇದರ ಪರಿಣಾಮವನ್ನು ಬೆಂಗಳೂರಿನ ಕನ್ನಡಿಗರೂ ಚೆನ್ನೈಯ ಕನ್ನಡಿಗರೂ ಎರಡು ಕಡೆಗಳಿಂದ ಕಂಡರು. ಸರ್ವೋಚ್ಚ ನ್ಯಾಯಾಲಯವು ಫೆಬ್ರವರಿ 2018ರಲ್ಲಿ ಸಾಮಾನ್ಯ ವರ್ಷಕ್ಕೆ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ನೀರೆಂದು ನಿಗದಿಗೊಳಿಸಿತು. ಸಂಕಷ್ಟದ ವರ್ಷದಲ್ಲಿ ಕೊರತೆಯನ್ನು ಹಂಚಿಕೊಳ್ಳುವುದು ಹೇಗೆಂಬುದೇ ಜಗಳದ ಮೂಲ. ಆಗಸ್ಟ್ ಆರಂಭದಲ್ಲಿ ‘ಮಳೆ ಬಂದೇ ಬರುತ್ತದೆ’ ಎಂದಾಗಲಿ ‘ಬರುವುದೇ ಇಲ್ಲ’ ಎಂದಾಗಲಿ ಹೇಳುವ ಮುನ್ಸೂಚನೆ ಅಲ್ಲಿ ಉಪಯೋಗಕ್ಕೆ ಬಾರದು. ಮಾದರಿಯನ್ನು ಆರಂಭಸ್ಥಿತಿಯ ಸಣ್ಣಸಣ್ಣ ವ್ಯತ್ಯಾಸಗಳೊಂದಿಗೆ ಹಲವು ಸಲ ನಡೆಸಿ, ಐವತ್ತು ಸಲದಲ್ಲಿ ಮೂವತ್ತೈದು ಸಲ ಕೊರತೆ ಕಂಡರೆ ಕೊರತೆಯ ಸಂಭವ ನೂರಕ್ಕೆ ಎಪ್ಪತ್ತು ಎನ್ನುವುದು ಪ್ರಾಮಾಣಿಕ ಉತ್ತರ. ಕೆಯಾಸ್ ಸಿದ್ಧಾಂತವು ಮುನ್ಸೂಚನೆಯನ್ನು ಅಸಾಧ್ಯಗೊಳಿಸಲಿಲ್ಲ. ಅದನ್ನು ಸಂಭವನೀಯತೆಯ ಭಾಷೆಯಲ್ಲಿ ಹೇಳುವಂತೆ ಮಾಡಿತು.

ಕೆಲವು ಪ್ರಶ್ನೆಗಳಿಗೆ ಮುನ್ಸೂಚನೆಯೇ ಬೇಡ. ಪಾವಗಡ ಪ್ರದೇಶದ ಮಳೆಯಾಶ್ರಿತ ಶೇಂಗಾ ಬೆಳೆಯನ್ನು ಕುರಿತು ಗಾಡ್ಗೀಳ್ ಮತ್ತು ಸಂಗಡಿಗರು ರೈತರೊಡಗೂಡಿ ನಡೆಸಿದ ಅಧ್ಯಯನದಲ್ಲಿ, ಯಾವ ಅವಧಿಯಲ್ಲಿ ಬಿತ್ತಿದರೆ ನಷ್ಟದ ಸಂಭವ ಕಡಮೆ ಎಂಬುದನ್ನು ಹಳೆಯ ಮಳೆ ದಾಖಲೆ ಮತ್ತು ಬೆಳೆಯ ಮಾದರಿಗಳಿಂದ ಪರಿಶೀಲಿಸಿದರು. ಇಂತಹ ಉತ್ತರಕ್ಕೆ ಬೇಕಾದದ್ದು ದೀರ್ಘವಾದ, ನಂಬಲರ್ಹ ಸ್ಥಳೀಯ ದಾಖಲೆ.

9. ಹೊರನಾಡಿನ ಸಂಶೋಧಕರ ಮುಂದಿರುವ ಕೆಲಸ

ಇದುವರೆಗಿನ ವಿವೇಚನೆಯೆಲ್ಲ ಒಂದೇ ಬಿಂದುವಿಗೆ ಬಂದು ನಿಲ್ಲುತ್ತದೆ. ಋತುವಿನ ಮತ್ತು ದಶಕಗಳ ಪ್ರಮಾಣದ ಅರಿವಿಗೆ ಕೊರತೆಯಿರುವುದು ಲೆಕ್ಕದ ಶಕ್ತಿಯದಲ್ಲ, ವರ್ಷಗಳದು. ಇನ್ನು ನೂರು ವರ್ಷ ಕಾಯುವುದು ಒಂದು ದಾರಿ. ಹಿಂದಕ್ಕೆ ಹೋಗುವುದು ಇನ್ನೊಂದು. ಕನ್ನಡನಾಡಿನ ಹತ್ತೊಂಬತ್ತನೆಯ ಶತಮಾನದ ದಾಖಲೆಗಳಲ್ಲಿ ಬಹುಪಾಲು ಇಂದಿನ ಕರ್ನಾಟಕದ ಹೊರಗಿವೆ. ಧಾರವಾಡ, ಬೆಳಗಾವಿ, ವಿಜಾಪುರ ಹಾಗೂ ಉತ್ತರ ಕನ್ನಡಗಳ ಕಂದಾಯ ಕಡತಗಳು ಮುಂಬಯಿಯಲ್ಲಿ. ಬಳ್ಳಾರಿ ಮತ್ತು ದಕ್ಷಿಣ ಕನ್ನಡದವು ಚೆನ್ನೈಯಲ್ಲಿ. ಬೀದರ, ಕಲಬುರ್ಗಿ, ರಾಯಚೂರುಗಳವು ಹೈದರಾಬಾದಿನಲ್ಲಿ. ಮೈಸೂರಿನ ಕಮಿಷನರ್ ಆಳ್ವಿಕೆಯ ಪತ್ರವ್ಯವಹಾರ ದೆಹಲಿಯಲ್ಲಿ. ಹವಾಮಾನ ಇಲಾಖೆಯ ದತ್ತಾಂಶ ಕೇಂದ್ರ ಪುಣೆಯಲ್ಲಿದೆ. ಜಮಾಬಂದಿ ವರದಿಗಳಲ್ಲಿ ಮಳೆ ಹಿಡಿದ ಕಾಲ, ಬಿತ್ತನೆ, ಬೆಳೆಯ ಸ್ಥಿತಿ, ಕಂದಾಯದ ರಿಯಾಯಿತಿಗಳ ವಿವರಗಳು ಸಿಗುತ್ತವೆ. ಅದಕ್ಕೂ ಹಿಂದಿನ ಶಾಸನಗಳಲ್ಲಿ ಕೆರೆ ಒಡೆದುದರ, ಏರಿ ಕಟ್ಟಿಸಿದುದರ ಉಲ್ಲೇಖಗಳಿವೆ.

ಇವುಗಳನ್ನು ಓದಲು ಗಣಿತಜ್ಞನ ಗಣಕ ಸಾಲದು. ಹಳಗನ್ನಡ, ಮೋಡಿ ಲಿಪಿ, ಕಂದಾಯದ ಪರಿಭಾಷೆ, ಸಂವತ್ಸರ ಮಾಸ ತಿಥಿಗಳನ್ನು ಇಂದಿನ ದಿನಾಂಕಕ್ಕೆ ತರುವ ಬಲ್ಮೆ ಬೇಕು. ‘ಮಳೆ ಹದವಾಯಿತು’ ಎಂಬ ಒಕ್ಕಣೆಯು ಯಾವ ತಾಲ್ಲೂಕಿನಲ್ಲಿ ಎಷ್ಟು ಮಳೆಯನ್ನು ಸೂಚಿಸುತ್ತಿತ್ತು ಎಂಬುದನ್ನು, ಮಳೆಮಾಪಕದ ಅಂಕಿಯೂ ಒಕ್ಕಣೆಯೂ ಎರಡೂ ಇರುವ ವರ್ಷಗಳೊಂದಿಗೆ ಹೋಲಿಸಿಯೇ ನಿರ್ಧರಿಸಬೇಕು. ರಿಯಾಯಿತಿಯ ಆಸೆಯಿಂದ ಬರವನ್ನು ಹಿಗ್ಗಿಸಿ ಬರೆದಿರಬಹುದು, ವಸೂಲಿಯ ಒತ್ತಡದಿಂದ ಕುಗ್ಗಿಸಿಯೂ ಬರೆದಿರಬಹುದು. ಪಠ್ಯವಿಮರ್ಶೆಯ ಶಿಸ್ತು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಹಾಗೆ ಶೋಧಿಸಿ ತೆಗೆದ ಒಂದೊಂದು ಬರದ ವರ್ಷವೂ ಬೆರಳೆಣಿಕೆಗೆ ಸಮೀಪವಿರುವ ಪಟ್ಟಿಗೆ ಒಂದೊಂದು ಸೇರ್ಪಡೆ. ಕಡತಗಳು ನಾವು ನೆಲೆಸಿರುವ ಊರುಗಳಲ್ಲಿಯೇ ಇವೆ. ಒಂದು ಜಿಲ್ಲೆ, ಒಂದು ದಶಕ ಎಂದು ಮಿತಿ ಹಾಕಿಕೊಂಡು ಈ ಕೆಲಸವನ್ನು ಆರಂಭಿಸಬಹುದು.